ಅಕ್ಕಡಿ ಸಾಲಿನ ಫಲ: ಬಲ್ಮಠದ ಗುರು ಹರ್ಮನ್ ಮೊಗ್ಲಿಂಗ್



ಚಿಮ್ಮನಚೋಡದ ಸುತ್ತಮುತ್ತ, ಮುಲ್ಲಾಮಾರಿ ಹೊಳೆಯ ಎಡಬಲದ ಹೊಲಗಳಲ್ಲಿ ಹಿಂದೆ ಬಿತ್ತಿಗೆ ಹೇಗೆ ನಡೆಯುತ್ತಿತ್ತು ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಜೋಳವೋ ಸಜ್ಜೆಯೋ ಮುಖ್ಯ ಬೆಳೆ. ಕೂರಿಗೆಯ ಹಿಂದೆ ಕಟ್ಟಿದ ಸೆಡ್ಡೆಯಲ್ಲಿ ಒಂದೊಂದೇ ಕಾಳು ಬಿಡುತ್ತಾ ಹೆಣ್ಣುಮಕ್ಕಳು ನಡೆಯುತ್ತಿದ್ದರು. ಅದು ಅಕ್ಕಡಿ ಸಾಲು. ಅಲ್ಲಿ ಬೀಳುತ್ತಿದ್ದುದು ತೊಗರಿ. ಬಿತ್ತುವವರ ಕಣ್ಣೆಲ್ಲ ಮುಖ್ಯ ಬೆಳೆಯ ಮೇಲೆ. ಆದರೆ ಮಳೆ ಕೈಕೊಟ್ಟು ಮುಖ್ಯ ಬೆಳೆ ಒಣಗಿದ ವರ್ಷ, ಆಳಕ್ಕೆ ಬೇರು ಬಿಟ್ಟ ಅಕ್ಕಡಿ ಸಾಲೇ ಮನೆಯನ್ನು ಉಳಿಸಿದ್ದುಂಟು. ಇಂದು ಅದೇ ತೊಗರಿ ನಿಮ್ಮ ಸೀಮೆಯ ಮುಖ್ಯ ಬೆಳೆಯಾಗಿದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಮನುಷ್ಯನ ಬಾಳಿನಲ್ಲಿಯೂ ಇಂಥದು ನಡೆಯುವುದುಂಟು. ತಾನು ಮುಖ್ಯವೆಂದು ಬಿತ್ತಿದ್ದು ಒಂದು, ಲೋಕಕ್ಕೆ ಉಣಿಸಿದ್ದು ಇನ್ನೊಂದು. ಅಂಥ ಒಬ್ಬರ ಬದುಕನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇವೆ. ಅವರು ರೈತರಲ್ಲ, ಈ ನಾಡಿನಲ್ಲಿ ಹುಟ್ಟಿದವರೂ ಅಲ್ಲ. ಆದರೆ ನೀವು ಈಗ ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ವಂಶವನ್ನು ಹಿಂದೆ ಹಿಂದೆ ಹುಡುಕುತ್ತ ಹೋದರೆ ಕೊನೆಗೆ ಅವರ ಮನೆಯ ಬಾಗಿಲಿಗೇ ಹೋಗಿ ನಿಲ್ಲುತ್ತೀರಿ. ಅವರ ಹೆಸರು ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್. ಮಂಗಳೂರಿನ ಒಂದು ಸಣ್ಣ ಕ್ರೈಸ್ತ ವಿದ್ಯಾಲಯದ ಗುರು.

ಬರಗಾಲದಲ್ಲಿ ಕಳೆದ ಬಾಲ್ಯ

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಅದು ದ್ರಾಕ್ಷಿ ತೋಟಗಳ ನಾಡು. ಯುರೋಪೆಂದರೆ ಸಿರಿವಂತಿಕೆ ಎಂದು ನಾವು ತಿಳಿಯುತ್ತೇವೆ. ಆದರೆ ಆ ಕಾಲದ ವುರ್ಟೆಂಬರ್ಗ್ ಬಡ ಒಕ್ಕಲು ಮಕ್ಕಳ ಸೀಮೆ. 1815ರ ಏಪ್ರಿಲ್ ತಿಂಗಳಲ್ಲಿ ಇಂಡೊನೇಷ್ಯದ ತಂಬೋರಾ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಮತ್ತು ಗಂಧಕದ ಹೊಗೆ ಆಕಾಶಕ್ಕೇರಿ ಸೂರ್ಯನ ಬಿಸಿಲನ್ನು ಮಬ್ಬು ಮಾಡಿತು. ಮರುವರ್ಷ, 1816ರಲ್ಲಿ, ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ ಎನ್ನುವಂತಾಯಿತು. ಬಿಡದೆ ಮಳೆ ಸುರಿದು, ಚಳಿ ಹಿಡಿದು, ಗೋದಿ ತೆನೆಗಟ್ಟದೆ ಕೊಳೆಯಿತು. ದ್ರಾಕ್ಷಿ ಹಣ್ಣಾಗಲಿಲ್ಲ. ವುರ್ಟೆಂಬರ್ಗ್ ಆ ಬರದ ಪೆಟ್ಟನ್ನು ಅತಿ ಹೆಚ್ಚಾಗಿ ಉಂಡ ಸೀಮೆಗಳಲ್ಲೊಂದು. ಸಾವಿರಾರು ಸಂಸಾರಗಳು ಊರು ಬಿಟ್ಟು ರಷ್ಯಕ್ಕೂ ಅಮೆರಿಕಕ್ಕೂ ಗುಳೆ ಹೋದವು. ಆಗ ಮೊಗ್ಲಿಂಗ್ ಐದು ವರ್ಷದ ಹುಡುಗ. ಮುಂದೆ ಇಂಥ ಕ್ಷಾಮ ಮರುಕಳಿಸಬಾರದೆಂದು ಅಲ್ಲಿನ ಅರಸ 1818ರಲ್ಲಿ ಹೋಹೆನ್‌ಹೈಮ್ ಎಂಬಲ್ಲಿ ಒಂದು ಕೃಷಿ ಶಾಲೆ ತೆರೆದ. ಅದು ಬೆಳೆದು ಇಂದಿಗೂ ಹೆಸರಾಂತ ವಿಶ್ವವಿದ್ಯಾಲಯವಾಗಿ ಉಳಿದಿದೆ.

ಆ ಸೀಮೆಯ ಜನ ದೈವಭಕ್ತರು. ಮನೆಮನೆಯಲ್ಲಿ ಕೂಡಿ ಪ್ರಾರ್ಥಿಸುವುದು, ದಿನದ ಕೆಲಸವನ್ನೇ ದೇವರ ಸೇವೆಯೆಂದು ತಿಳಿಯುವುದು ಅವರ ರೂಢಿ. ಇಂಥವರ ದೇಣಿಗೆಯಿಂದಲೇ ನೆರೆಯ ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಎಂಬ ಸಂಸ್ಥೆ ಹುಟ್ಟಿತ್ತು. ಅರಸರ ಖಜಾನೆ ಅದರ ಹಿಂದೆ ಇರಲಿಲ್ಲ. ಒಕ್ಕಲಿಗರು, ನೇಕಾರರು, ವ್ಯಾಪಾರಿಗಳು ತಮ್ಮ ಗಳಿಕೆಯಲ್ಲಿ ತೆಗೆದಿಟ್ಟ ಕಾಸೇ ಅದರ ಬಂಡವಾಳ.

ಮೊಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಿದರು. ಅಷ್ಟು ಓದಿದವರಿಗೆ ಸ್ವಂತ ಊರಿನಲ್ಲಿಯೇ ಗೌರವದ ಪಾದ್ರಿ ಕೆಲಸ, ಮನೆ, ತೋಟ ಎಲ್ಲವೂ ದೊರೆಯುತ್ತಿದ್ದ ಕಾಲವದು. ಅವರು ಅದನ್ನು ಬಿಟ್ಟು 1835ರಲ್ಲಿ ಬಾಸೆಲ್ ಮಿಷನ್ ಸೇರಿದರು. ಮರುವರ್ಷ ಹಡಗು ಹತ್ತಿ, 1836ರ ಕೊನೆಯ ಹೊತ್ತಿಗೆ ಮಂಗಳೂರು ತಲುಪಿದರು. ಆಗ ಅವರಿಗೆ 25 ವರ್ಷ.

ಕಾಲಿಟ್ಟ ಕೂಡಲೇ ದಂಗೆ

ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದು ಆಗ ಎರಡೇ ವರ್ಷವಾಗಿತ್ತು. 1833ರಲ್ಲಿ ಇಂಗ್ಲಿಷ್ ಪಾರ್ಲಿಮೆಂಟು ಕಂಪನಿ ಸರ್ಕಾರದ ಸನ್ನದನ್ನು ಬದಲಿಸಿದ ಮೇಲೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿಗೆ ಬರಲು ದಾರಿಯಾಗಿತ್ತು. ಇವರು ಜರ್ಮನರು. ಆಳುವವರ ಜನವೂ ಅಲ್ಲ, ಊರಿನ ಜನವೂ ಅಲ್ಲ.

ಬಂದ ಕೆಲವೇ ತಿಂಗಳಲ್ಲಿ, 1837ರ ಏಪ್ರಿಲಿನಲ್ಲಿ, ಕೊಡಗು ಮತ್ತು ಸುಳ್ಯ ಪುತ್ತೂರುಗಳ ಕಡೆಯಿಂದ ರೈತರ ದೊಡ್ಡ ದಂಡು ಮಂಗಳೂರಿಗೆ ನುಗ್ಗಿ ಊರನ್ನು ಕೆಲವು ದಿನ ಹಿಡಿದಿಟ್ಟುಕೊಂಡಿತು. ಅದನ್ನು ಕಲ್ಯಾಣಪ್ಪನ ಕಾಟಕಾಯಿ ಎಂದು ಇಂದಿಗೂ ಆ ಕಡೆಯ ಜನ ನೆನೆಯುತ್ತಾರೆ. ಕೊಡಗು 1834ರಲ್ಲಿ ಕಂಪನಿಯ ವಶವಾದ ಮೇಲೆ, ಹಿಂದೆ ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದು ಹಣದಲ್ಲಿಯೇ ಕಟ್ಟಬೇಕೆಂದು ಮಾಡಿದ್ದು ಆ ರೈತರ ಸಿಟ್ಟಿಗೆ ಮುಖ್ಯ ಕಾರಣಗಳಲ್ಲೊಂದು. ರಾಶಿ ಮಾಡಿದ ಕೂಡಲೇ ಸಿಕ್ಕ ಬೆಲೆಗೆ ಮಾರಿ ಸಾಲ ತೀರಿಸಬೇಕಾದವನ ಸಂಕಟ ಎಂಥದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದಂಗೆಯನ್ನು ಕಂಪನಿಯ ಸೈನ್ಯ ಬೇಗನೆ ಅಡಗಿಸಿತು. ಹೊಸದಾಗಿ ಬಂದಿದ್ದ ಯುವಕನಿಗೆ ಈ ನಾಡಿನ ಮೊದಲ ಪರಿಚಯ ಹೀಗಾಯಿತು.

ಮಲ್ಲಸಮುದ್ರದ ಹೊಲ

ಮೊದಲ ವರ್ಷಗಳಲ್ಲಿ ಮೊಗ್ಲಿಂಗ್ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲಿಯೂ ಓಡಾಡಿದರು. ಜನರ ನಡುವೆ ಕುಳಿತು ಕನ್ನಡ ಕಲಿತರು. ಅದು ಜೋಳದ ರೊಟ್ಟಿಯ, ಕರಿ ನೆಲದ ಕನ್ನಡ. ನಿಮ್ಮ ಕಡೆಯ ಮಾತಿಗೆ ಹತ್ತಿರದ ಕನ್ನಡ.

ಆ ಸೀಮೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ್ದ ಕೆಲವು ಜನರು ಮಿಷನ್ನಿನವರ ಹತ್ತಿರ ಬಂದರು. ತಾವು ಕಾದಿದ್ದ ಕಾಲ ಇದೇ ಇರಬಹುದೆಂದು ಅವರ ಎಣಿಕೆ. ಅವರಿಗಾಗಿ 1841ರ ಸುಮಾರಿಗೆ ಗದಗ ಬೆಟಗೇರಿಯ ಬಳಿಯ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು ಒಂದು ಒಕ್ಕಲುತನದ ವಸತಿಯನ್ನು ಮಿಷನ್ ಕಟ್ಟಿತು. ಹೊಲ, ಎತ್ತು, ಮನೆ ಎಲ್ಲ ಸಿದ್ಧವಾದವು. ಆದರೆ ಬರುತ್ತಾರೆಂದು ಕಾದ ಜನ ಬರಲಿಲ್ಲ. ಆಸೆ ಫಲಿಸದೆ ವಸತಿ ಸೋತಿತು. ದೂರದ ಬಡವರು ಕೊಟ್ಟ ಕಾಸು ಮಣ್ಣು ಪಾಲಾಯಿತು. ಬೀಜ, ಗೊಬ್ಬರ, ಕೂಲಿ ಎಲ್ಲ ಹಾಕಿದ ಹೊಲ ನೆಟೆ ರೋಗಕ್ಕೆ ಸಿಕ್ಕಿ ಒಣಗುವುದನ್ನು ಕಂಡವರು ನೀವು. ಆ ನೋವಿನ ಅಳತೆ ನಿಮಗೆ ಗೊತ್ತು.

ಸಣ್ಣ ವಿದ್ಯಾಲಯ, ದಿನದಿನದ ಚಿಂತೆ

1840ರ ಸುಮಾರಿಗೆ ಮೊಗ್ಲಿಂಗ್ ಮಂಗಳೂರಿಗೆ ಮರಳಿ ಅಲ್ಲಿದ್ದ ಹುಡುಗರ ವಸತಿ ಶಾಲೆಯ ಹೊಣೆ ಹೊತ್ತರು. ಉಪದೇಶಕರನ್ನೂ ಶಾಲಾ ಮಾಸ್ತರರನ್ನೂ ತಯಾರು ಮಾಡುವ ವಿದ್ಯಾಲಯವಾಗಿ ಅದು ಬೆಳೆಯಬೇಕೆಂಬುದು ಅವರ ಗುರಿ. ಮುಂದೆ ಅದು ಬಲ್ಮಠದ ಗುಡ್ಡದ ಮೇಲೆ ನೆಲೆಸಿತು.

ವಿದ್ಯಾಲಯ ಎಂದೊಡನೆ ದೊಡ್ಡ ಕಟ್ಟಡ, ನೂರಾರು ವಿದ್ಯಾರ್ಥಿಗಳು ನಿಮ್ಮ ಕಣ್ಣ ಮುಂದೆ ಬರಬಹುದು. ಹಾಗಿರಲಿಲ್ಲ. ಬೆರಳೆಣಿಕೆಯ ಗುರುಗಳು, ಒಂದಿಷ್ಟು ಹುಡುಗರು. ಹೆಚ್ಚಿನವರು ಬಡವರ ಮಕ್ಕಳು. ಓದಿನ ಜೊತೆಗೆ ಅನ್ನ, ಬಟ್ಟೆ, ಔಷಧ ಎಲ್ಲವನ್ನೂ ಅಲ್ಲಿಯೇ ನೋಡಬೇಕು. ಮೊಗ್ಲಿಂಗ್ ಅವರು ಹುಡುಗರಿಗೆ ದೊರೆಯಾಗಿ ಕೂಡಲಿಲ್ಲ. ಅವರ ಜೊತೆ ಒಂದೇ ಮನೆಯವರಂತೆ, ಮನೆಯ ಹಿರಿಯನಂತೆ ಬದುಕಿದರು. ಬಿಳಿಯರು ಬೇರೆಯೇ ಬಂಗಲೆ, ಬೇರೆಯೇ ಪಂಕ್ತಿ ಎನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ದಿನದ ಕಷ್ಟಗಳು ಒಂದೆರಡಲ್ಲ. ಹಣ ಬರಬೇಕಾದದ್ದು ಬಾಸೆಲ್‌ನಿಂದ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಒಂದು ಕಾಗದ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕು. ಮಳೆಗಾಲ ಹಿಡಿಯಿತೆಂದರೆ ಕರಾವಳಿಯಲ್ಲಿ ಹಡಗಿನ ಓಡಾಟವೇ ನಿಲ್ಲುತ್ತಿತ್ತು. ಇಲ್ಲಿ ಅಕ್ಕಿಯ ಬೆಲೆ ಏರಿದ ಸುದ್ದಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಂಗಾಮು ಕಳೆದಿರುತ್ತಿತ್ತು. ಜ್ವರ, ಆಮಶಂಕೆಗಳ ಕಾಟ ಬೇರೆ. ಅವುಗಳ ನಿಜವಾದ ಕಾರಣ ಆಗಿನ ವೈದ್ಯರಿಗೂ ತಿಳಿದಿರಲಿಲ್ಲ. ಎಷ್ಟೋ ಮಿಷನರಿಗಳು ಎಳೆಯ ವಯಸ್ಸಿನಲ್ಲಿಯೇ ಇಲ್ಲಿನ ಮಣ್ಣಿಗೆ ಸೇರಿದರು. ಮೊಗ್ಲಿಂಗರ ಸೋದರ ಸಂಬಂಧಿ, ಜೊತೆಗಾರ, ಕನ್ನಡ ಬಲ್ಲ ವಿದ್ವಾಂಸ ವೈಗಲ್ ಅವರೂ 1855ರಲ್ಲಿ ತೀರಿಕೊಂಡರು.

ಇನ್ನೊಂದು ಕಷ್ಟ ಇವೆಲ್ಲಕ್ಕಿಂತ ಬಿಗಿಯಾದದ್ದು. ಕ್ರೈಸ್ತನಾದವನಿಗೆ ಕುಲದ ಕಸುಬು ತಪ್ಪುತ್ತಿತ್ತು, ಗೇಣಿಯ ಹೊಲ ಕೈಬಿಡುತ್ತಿತ್ತು, ಊರಿನ ನಂಟು ಹರಿಯುತ್ತಿತ್ತು. ಅಂಥವನು ಹೊಟ್ಟೆಗೆ ಏನು ಮಾಡಬೇಕು? ಪಾಠ ಹೇಳಿದರೆ ಸಾಲದು, ದುಡಿಮೆಯನ್ನೂ ಕೊಡಬೇಕು. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಿಧಾನವಾಗಿ. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಕೈಮಗ್ಗದ ಕಾರ್ಖಾನೆ ನಡೆಸಿ ಖಾಕಿ ಬಣ್ಣದ ಬಟ್ಟೆ ತಯಾರಿಸಿದ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನಾಡಿನ ಎಷ್ಟೋ ಮನೆಗಳ ಮೇಲೆ ಕೂತ ಮಂಗಳೂರು ಹೆಂಚಿನ ಹುಟ್ಟು ಅಲ್ಲಿ.

ಇಷ್ಟರ ನಡುವೆ ಆ ಗುರು ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಪಾಠ, ಲೆಕ್ಕ, ಕಾಗದ ಪತ್ರ, ಸಂಜೆ ಮತ್ತೆ ಪ್ರಾರ್ಥನೆ. ಮಲ್ಲಸಮುದ್ರ ಸೋತ ಮೇಲೂ ಪಾಠ ನಿಲ್ಲಲಿಲ್ಲ. ಹಣ ತಡವಾದಾಗಲೂ ಬಾಗಿಲು ಮುಚ್ಚಲಿಲ್ಲ. ದೇವರ ಮೇಲಿನ ಭರವಸೆ ಎಂದರೆ ಕೈಕಟ್ಟಿ ಕೂಡುವುದಲ್ಲ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಕಾಶ ನೋಡಿ ಬಿತ್ತುವವನು ನಂಬಿಯೇ ಬಿತ್ತುತ್ತಾನೆ. ಬಿತ್ತಿದ ಮೇಲೆ ಎಡೆಕುಂಟೆ ಹೊಡೆಯುವುದನ್ನು ಬಿಡುವುದಿಲ್ಲ.

ಕಲ್ಲಿನ ಮೇಲೆ ಅರಳಿದ ಪತ್ರಿಕೆ

ವಿದ್ಯಾಲಯಕ್ಕೆ ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಕಲ್ಲಚ್ಚು ಎಂದರೆ ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ನಯಮಾಡಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸುತ್ತಾರೆ. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಅದರ ಮೇಲೆ ಎಣ್ಣೆಯ ಮಸಿಯ ಉರುಳೆ ಎಳೆಯುತ್ತಾರೆ. ನೀರು ಕುಡಿದ ಜಾಗ ಮಸಿಯನ್ನು ಹಿಡಿಯುವುದಿಲ್ಲ, ಜಿಡ್ಡಿನ ಅಕ್ಷರ ಮಾತ್ರ ಹಿಡಿಯುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಅಚ್ಚು ಮೂಡುತ್ತದೆ. ಎಣ್ಣೆಗೂ ನೀರಿಗೂ ಕೂಡುವುದಿಲ್ಲ ಎಂಬ ಅಡಿಗೆಮನೆಯ ಸತ್ಯವೇ ಇದರ ಗುಟ್ಟು.

ಈ ಕಲ್ಲಚ್ಚಿನಿಂದಲೇ 1843ರ ಜುಲೈ 1ರಂದು ಮೊಗ್ಲಿಂಗ್ ಸಂಪಾದಕತ್ವದಲ್ಲಿ ಮಂಗಳೂರ ಸಮಾಚಾರ ಹೊರಬಂದಿತು. ಕನ್ನಡದ ಮೊದಲ ಪತ್ರಿಕೆ ಅದೇ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರ್ಕಾರದ ಹೊಸ ಕಾಯಿದೆಗಳು, ದೂರ ದೇಶದ ವರ್ತಮಾನ, ಕಥೆ, ದಾಸರ ಪದ ಇವೆಲ್ಲ ಅದರಲ್ಲಿ ಬರುತ್ತಿದ್ದವು. ಕಚೇರಿಯ ಹೊಸ ಕಾಯಿದೆ ಏನೆಂದು ತಿಳಿಯಲು ಅದುವರೆಗೆ ಶಾನುಭೋಗರ ಮಾತನ್ನೇ ನೆಚ್ಚಬೇಕಿದ್ದ ಜನಕ್ಕೆ, ಒಂದು ದುಡ್ಡಿಗೆ ಆ ಸಂಗತಿ ತಮ್ಮ ಭಾಷೆಯಲ್ಲಿಯೇ ಕೈಗೆ ಬಂದದ್ದು ಎಷ್ಟು ದೊಡ್ಡ ಬದಲಾವಣೆ ಎಂಬುದನ್ನು ಯೋಚಿಸಿರಿ.

ಸುಮಾರು ಎಂಟು ತಿಂಗಳ ಬಳಿಕ, 1844ರ ಮಾರ್ಚ್ ಹೊತ್ತಿಗೆ, ಪತ್ರಿಕೆ ಬಳ್ಳಾರಿಗೆ ಹೋಗಿ ಅಚ್ಚಿನ ಮೊಳೆಗಳಲ್ಲಿ ಕನ್ನಡ ಸಮಾಚಾರ ಎಂಬ ಹೆಸರಿನಿಂದ ಹೊರಡತೊಡಗಿತು. ಅಲ್ಲಿಯೂ ಬಹು ಕಾಲ ನಡೆಯಲಿಲ್ಲ. ನಿಂತುಹೋದ ಪತ್ರಿಕೆಯೆಂದು ನೋಡಿದರೆ ಅದೂ ಒಂದು ಸೋಲೇ.

1844ರ ಬಿರುಗಾಳಿ

ಅದೇ ಹೊತ್ತಿಗೆ ಮಂಗಳೂರಿನಲ್ಲಿ ದೊಡ್ಡ ಬಿರುಗಾಳಿ ಎದ್ದಿತ್ತು. 1844ರ ಜನವರಿ 6ರಂದು ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ಕ್ರೈಸ್ತ ದೀಕ್ಷೆ ಪಡೆದರು. ಅವರಲ್ಲೊಬ್ಬರು ಆನಂದರಾಯ ಕೌಂಡಿನ್ಯ. ಊರಿನಲ್ಲಿ ಕೋಲಾಹಲವಾಯಿತು. ಮಿಷನ್ ಶಾಲೆಗೆ ಮಕ್ಕಳನ್ನು ಕಳುಹಿಸಲು ಜನ ಹಿಂಜರಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಗುರುವಿಗೆ ದೇವರ ಕೃಪೆಯಾಗಿ ಕಂಡದ್ದು, ಆ ಮನೆಗಳ ತಾಯಿ ತಂದೆಯರಿಗೆ ಮಗನನ್ನು ಬದುಕಿರುವಾಗಲೇ ಕಳೆದುಕೊಂಡಂತಾಗಿತ್ತು. ಎರಡೂ ನಿಜ. ಮೊಗ್ಲಿಂಗರ ಬದುಕನ್ನು ಹೊಗಳುವವರು ಒಂದನ್ನು, ತೆಗಳುವವರು ಇನ್ನೊಂದನ್ನು ಮಾತ್ರ ಹೇಳುತ್ತಾರೆ. ಆ ಯುವಕರ ಬಾಳಿನ ಹೊಣೆ ಅಂದಿನಿಂದ ಗುರುವಿನ ಹೆಗಲ ಮೇಲೆ ಬಿತ್ತು. ಅದನ್ನು ಅವರು ಕೆಳಗಿಳಿಸಲಿಲ್ಲ. ಯುರೋಪಿಗೆ ಹೋದಾಗ ಕೌಂಡಿನ್ಯರನ್ನು ಜೊತೆಯಲ್ಲಿ ಕರೆದೊಯ್ದರು. ಬಾಸೆಲ್‌ನಲ್ಲಿ ಓದಿ ಪಾದ್ರಿ ದೀಕ್ಷೆ ಪಡೆದು ಕೌಂಡಿನ್ಯರು 1851ರಲ್ಲಿ ಮರಳಿದರು. ಯಾವ ಮಿಷನ್ನಿನ ಶಿಷ್ಯರಾಗಿದ್ದರೋ ಅದರದೇ ವಿದ್ಯಾಲಯದಲ್ಲಿ, ಜರ್ಮನ್ ಗುರುಗಳ ಸಮಕ್ಕೆ ಗುರುವಾಗಿ ಕುಳಿತರು.

ಓಲೆಗರಿಯಿಂದ ಕಾಗದಕ್ಕೆ

ಇನ್ನು ಅಕ್ಕಡಿ ಸಾಲಿನ ಮಾತಿಗೆ ಬರೋಣ. ಜನರಿಗೆ ತನ್ನ ಧರ್ಮವನ್ನು ತಿಳಿಸಬೇಕಾದರೆ ಮೊದಲು ಆ ಜನರ ಹೃದಯವನ್ನು ತಾನು ತಿಳಿಯಬೇಕು ಎಂದು ಮೊಗ್ಲಿಂಗ್ ಕನ್ನಡ ಕಾವ್ಯಗಳನ್ನು ಓದತೊಡಗಿದರು. ಆಗ ಆ ಕಾವ್ಯಗಳು ಇದ್ದದ್ದು ಓಲೆಗರಿಗಳಲ್ಲಿ, ಮಠಗಳಲ್ಲಿ, ಮನೆಗಳ ಅಟ್ಟದ ಮೇಲೆ. ಗೆದ್ದಲು, ಇಲಿ, ಮಳೆನೀರಿಗೆ ಸಿಕ್ಕಿ ಎಷ್ಟೋ ಗ್ರಂಥಗಳು ಹೇಳಹೆಸರಿಲ್ಲದೆ ಹೋಗುತ್ತಿದ್ದವು. ನಿಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವನ್ನೇ ನೋಡಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರಿನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಅಚ್ಚು ಕಂಡದ್ದು 1898ರಲ್ಲಿ. ಸಾವಿರ ವರ್ಷ ಅದು ಗರಿಯಿಂದ ಗರಿಗೆ ಪ್ರತಿಯಾಗುತ್ತಾ ಜೀವ ಹಿಡಿದುಕೊಂಡಿತ್ತು.

ಮೊಗ್ಲಿಂಗ್ ಹಸ್ತಪ್ರತಿಗಳನ್ನು ಕೂಡಿಸಿ ಅಚ್ಚು ಹಾಕಿಸಲು ಮುಂದಾದರು. ಕ್ರೈಸ್ತ ಧರ್ಮ ಸಾರಲೆಂದು ಬಡವರು ಕೊಟ್ಟ ಕಾಣಿಕೆಯನ್ನು ಪುರಾಣ ಮುದ್ರಣಕ್ಕೆ ಖರ್ಚು ಮಾಡುವಂತಿರಲಿಲ್ಲ. ಕ್ಯಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ ಆ ವೆಚ್ಚ ಹೊರಲು ಒಪ್ಪಿದರು. ಹೀಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಗ್ರಂಥಮಾಲೆ ಆರಂಭವಾಯಿತು. 1848ರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, 1850ರಲ್ಲಿ ಭೀಮಕವಿಯ ಬಸವಪುರಾಣ ಮತ್ತು ದಾಸರ ಪದಗಳು, ಬಳಿಕ ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ ಹೊರಬಂದವು. ಹಾಡುವವರ ಬಾಯಲ್ಲಿ ಮಾತ್ರ ಉಳಿದಿದ್ದ ಪದಗಳು, ಮಠದಲ್ಲಿ ಶಾಸ್ತ್ರಿಗಳ ಮುಂದೆ ಮಾತ್ರ ಬಿಚ್ಚುತ್ತಿದ್ದ ಪುರಾಣಗಳು ಅಕ್ಷರ ಬಲ್ಲ ಯಾರ ಕೈಗಾದರೂ ಸಿಗುವಂತಾಯಿತು.

ನಿಮ್ಮ ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳು 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಕನ್ನಡ ಶಾಲೆಗಳು ವಿರಳ. ಅಂಥ ದಿನಗಳಲ್ಲಿ ಶ್ರಾವಣ ಮಾಸದ ಪುರಾಣ ಪ್ರವಚನಗಳೇ ಎಷ್ಟೋ ಹಳ್ಳಿಗಳಿಗೆ ಕನ್ನಡದ ಪಾಠಶಾಲೆಯಾಗಿದ್ದವು. ಬಸವಣ್ಣನವರ ಪುರಾಣವನ್ನು ಅಷ್ಟು ಮೊದಲೇ ಅಚ್ಚಿಗೆ ತಂದವರಲ್ಲಿ ಒಬ್ಬ ಜರ್ಮನ್ ಪಾದ್ರಿಯೂ ಇದ್ದರೆಂಬುದು ಕೇಳಲು ವಿಚಿತ್ರವಾದರೂ ಸತ್ಯ.

ಕೊಡಗಿನ ಕಾಫಿ ಭೂಮಿ

1852ರ ಕೊನೆಯಲ್ಲಿ ಊರಿಗೆ ಮರಳಬೇಕೆಂದಿದ್ದ ಮೊಗ್ಲಿಂಗರ ದಾರಿ ಮತ್ತೆ ತಿರುಗಿತು. ಸೋಮಯ್ಯ ಎಂಬ ಕೊಡವ ಸನ್ಯಾಸಿ ಮಂಗಳೂರಿಗೆ ಬಂದು ದೀಕ್ಷೆ ಪಡೆದು, ತನ್ನ ನಾಡಿಗೆ ಬರಬೇಕೆಂದು ಕೋರಿದ. ಮೊಗ್ಲಿಂಗ್ 1853ರ ಆರಂಭದಲ್ಲಿ ಕೊಡಗು ಸೇರಿದರು. ಅಲ್ಲಿನ ಜನಜೀವನ, ಇತಿಹಾಸಗಳನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1855ರಲ್ಲಿ ಪ್ರಕಟವಾಯಿತು.

ಅಲ್ಲಿ ಅವರ ಕಣ್ಣಿಗೆ ಬಿದ್ದವರು ಪರರ ಹೊಲದಲ್ಲಿ ತಲೆಮಾರುಗಳಿಂದ ಜೀತದಂತೆ ದುಡಿಯುತ್ತಿದ್ದ ದಲಿತ ಕುಟುಂಬಗಳು. ಅವರಿಗಾಗಿ ದಕ್ಷಿಣ ಕೊಡಗಿನಲ್ಲಿ ಆನಂದಪುರ ಎಂಬ ವಸತಿ ಎದ್ದಿತು. ಶಿಷ್ಯ ಆನಂದರಾಯ ಕೌಂಡಿನ್ಯರು ಈ ಕೆಲಸದಲ್ಲಿ ಗುರುವಿಗೆ ಬೆನ್ನೆಲುಬಾದರು. ಅಲ್ಲಿ ಕಾಫಿ ನೆಟ್ಟರು. ದುಡಿಯುವವನಿಗೆ ನೆಲದ ಆಸರೆ ಇಲ್ಲದೆ ಬರಿಯ ಬೋಧನೆ ನಿಲ್ಲುವುದಿಲ್ಲ ಎಂಬ ಪಾಠವನ್ನು ಮಲ್ಲಸಮುದ್ರ ಮತ್ತು ಮಂಗಳೂರು ಕಲಿಸಿದ್ದವು. ಕಾಫಿಯ ದಾರಿಯೂ ಸುಲಭವಾಗಿರಲಿಲ್ಲ. 1860ರ ದಶಕದಲ್ಲಿ ಕೊಡಗಿನ ಕಾಫಿ ತೋಟಗಳನ್ನು ಕಾಂಡಕೊರಕ ಹುಳು ಅಪಾರವಾಗಿ ಹಾಳುಗೆಡವಿತು. ಆ ಹುಳು ಇಂದಿಗೂ ಬೆಳೆಗಾರರ ನಿದ್ದೆ ಕೆಡಿಸುತ್ತಿದೆ. ಆದರೂ ಆನಂದಪುರ ಅಳಿಯಲಿಲ್ಲ. ಆ ಹೆಸರಿನ ಊರು ಈಗಲೂ ಇದೆ.

ಕೊನೆಯ ದಿನಗಳು

ಮಡದಿಯ ಅನಾರೋಗ್ಯದ ಕಾರಣ ಮೊಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು. ಮತ್ತೆ ಈ ನಾಡಿಗೆ ಬರಲಾಗಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 1858ರಲ್ಲಿ, ಕನ್ನಡ ಸಾಹಿತ್ಯಕ್ಕೆ ಮಾಡಿದ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. ಊರಿನಲ್ಲಿದ್ದೂ ಅವರು ಕನ್ನಡವನ್ನು ಮರೆಯಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. ಆಗ ಅವರಿಗೆ 70 ತುಂಬಲು ಕೆಲವೇ ದಿನ ಉಳಿದಿತ್ತು.

ಅವರು ಕಣ್ಣು ಮುಚ್ಚುವಾಗ ಲೆಕ್ಕ ಹಾಕಿದ್ದರೆ ಏನು ಉಳಿದಿತ್ತು? ಮಲ್ಲಸಮುದ್ರ ಸೋತಿತ್ತು. ಪತ್ರಿಕೆ ವರ್ಷ ತುಂಬುವ ಮೊದಲೇ ಊರು ಬಿಟ್ಟಿತ್ತು. ಕನ್ನಡ ನಾಡೆಲ್ಲ ತನ್ನ ಧರ್ಮವನ್ನು ಒಪ್ಪುವುದೆಂಬ ತರುಣಾವಸ್ಥೆಯ ಆಸೆ ಕೈಗೂಡಲಿಲ್ಲ. ಮುಖ್ಯ ಬೆಳೆಯ ರಾಶಿ ಅವರು ಎಣಿಸಿದಷ್ಟು ಬರಲಿಲ್ಲ.

ಈಗ ಅಕ್ಕಡಿ ಸಾಲನ್ನು ನೋಡಿ. ಅವರು ಅಚ್ಚು ಹಾಕಿಸಿದ ಗ್ರಂಥಗಳು ಫರ್ಡಿನೆಂಡ್ ಕಿಟೆಲ್ ಅವರಿಗೆ ಕಣಜದಂತೆ ಒದಗಿದವು. ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. ಅದು ಸುಮಾರು 70 ಸಾವಿರ ಪದಗಳ ಹೆಗ್ಗಣಜ. ಎಂಟು ತಿಂಗಳು ಮಂಗಳೂರಿನಲ್ಲಿ ಬಾಳಿದ ಪತ್ರಿಕೆಯ ಹುಟ್ಟುದಿನವಾದ ಜುಲೈ 1 ಇಂದು ಕರ್ನಾಟಕದಲ್ಲಿ ಪತ್ರಿಕಾ ದಿನ. ಕೆಲವೇ ಹುಡುಗರಿದ್ದ ಆ ವಿದ್ಯಾಲಯ ಬಲ್ಮಠದ ಗುಡ್ಡದ ಮೇಲೆ ಇಂದಿಗೂ ಇದೆ. 1965ರಿಂದ ಅದಕ್ಕೆ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಎಂಬ ಹೆಸರು. ಈಗಲೂ ಅದು ದೊಡ್ಡ ಕಾಲೇಜಲ್ಲ.

ನಮಗೇನು ಪಾಠ?

ಇದನ್ನೆಲ್ಲ ಕೃಷಿ ಪುಟದಲ್ಲಿ ಏಕೆ ಹೇಳಿದಿರಿ ಎಂದು ಕೇಳುವವರಿರಬಹುದು. ಕಾರಣವಿದೆ. ದೇವರನ್ನು ನಂಬಿದವನಿಗೆ ತಾನು ಬೇಡಿದ ಬೆಳೆಯೇ ಬರುತ್ತದೆ ಎಂದು ಹೇಳುವವರು ಬಹಳ. ಮೊಗ್ಲಿಂಗರ ಬಾಳು ಹಾಗೆ ಹೇಳುವುದಿಲ್ಲ. ನಂಬಿಕೆ ಅವರಿಗೆ ಬರವನ್ನು ತಪ್ಪಿಸಲಿಲ್ಲ, ಜ್ವರವನ್ನು ತಡೆಯಲಿಲ್ಲ, ಜೊತೆಗಾರನನ್ನು ಉಳಿಸಲಿಲ್ಲ. ಒಂದು ಹೊಲ ಒಣಗಿದ ಮೇಲೆ ಮರುದಿನ ಬೆಳಿಗ್ಗೆ ಎದ್ದು ಮತ್ತೊಂದು ಹೊಲಕ್ಕೆ ಹೋಗುವ ಶಕ್ತಿಯನ್ನು ಮಾತ್ರ ಕೊಟ್ಟಿತು. ಅಷ್ಟು ಸಾಕಾಯಿತು.

ನೀವು ಯಾವ ದೇವರಿಗೆ ಕೈಮುಗಿಯುತ್ತೀರೋ ಅದು ನಿಮಗೆ ಬಿಟ್ಟದ್ದು. ತೊಗರಿಯ ಬೆಲೆ ಕುಸಿದ ವರ್ಷ, ಮಗನ ಓದಿಗೆ ಹಣ ಹೊಂದದ ವರ್ಷ, ಮಳೆ ಬಂದೂ ಬಾರದಂತಾದ ವರ್ಷ ಈ ಬಲ್ಮಠದ ಗುರುವನ್ನು ಒಮ್ಮೆ ನೆನೆಯಿರಿ. ಒಂದೇ ಬೆಳೆಯ ಮೇಲೆ ಎಲ್ಲ ಆಸೆಯನ್ನೂ ಇಡಬೇಡಿರಿ. ಹೊಲದಲ್ಲಿ ತೊಗರಿಯೊಂದನ್ನೇ ನೆಚ್ಚದೆ ಸಾಲಿನ ನಡುವೆ ಬೇಗ ಕೈಗೆ ಬರುವ ಹೆಸರು ಅಥವಾ ಉದ್ದನ್ನು ಬಿತ್ತಿರಿ. ಮನೆಯಲ್ಲಿಯೂ ಹಾಗೆಯೇ, ಇಂದು ಲಾಭ ಕಾಣದ ಒಂದು ಒಳ್ಳೆಯ ಕೆಲಸಕ್ಕೆ ಒಂದು ಸಾಲು ಬಿಡಿ. ಮಗಳಿಗೆ ಓದು ಕಲಿಸುವುದಿರಬಹುದು, ಬದುವಿನ ಮೇಲೆ ನಾಲ್ಕು ಬೇವಿನ ಸಸಿ ನೆಡುವುದಿರಬಹುದು, ಅಟ್ಟದ ಮೇಲೆ ಅಜ್ಜನ ಕಾಲದ ಓಲೆಗರಿಯ ಕಟ್ಟೊಂದಿದ್ದರೆ ಅದನ್ನು ಗೆದ್ದಲಿಗೆ ಬಿಡದೆ ತಿಳಿದವರ ಕೈಗೆ ಒಪ್ಪಿಸುವುದಿರಬಹುದು.

ಅದರ ಫಲ ನಿಮ್ಮ ಕಣ್ಣಿಗೆ ಕಾಣದೆ ಹೋಗಬಹುದು. ಮೊಗ್ಲಿಂಗರಿಗೂ ಕಾಣಲಿಲ್ಲ. ಆದರೆ ಚಿಮ್ಮನಚೋಡದ ಕಟ್ಟೆಯ ಮೇಲೆ ಕುಳಿತು ನೀವು ಇಂದು ಈ ಕನ್ನಡ ಪತ್ರಿಕೆಯನ್ನು ಓದುತ್ತಿದ್ದೀರಿ.